ಚಿತ್ರಕೃಪೆ: ಅಂತರ್ಜಾಲ

ಕನ್ನಡದ ಯಾವುದಾದರೂ ಜಾಲತಾಣದಲ್ಲಿ ಒಂದು ಕತೆಯನ್ನೋ ಪ್ರಬಂಧವನ್ನೋ ಓದಿ ಮುಗಿಸಿದ ಮೇಲೆ ಮತ್ತೆ ಮೇಲಕ್ಕೆ ಹೋಗಿ, ಅಲ್ಲಿರುವ ಫೋಟೊದ ಕೆಳಗೆ ಕಣ್ಣು ಹಾಯಿಸಿ. ಎಷ್ಟೋ ಕಡೆ ಏನೂ ಬರೆದಿರುವುದಿಲ್ಲ. ಬರೆದಿದ್ದರೆ ಸಾಮಾನ್ಯವಾಗಿ ಕಾಣುವುದು ‘ಚಿತ್ರಕೃಪೆ: ಅಂತರ್ಜಾಲ’ ಎಂಬ ಎರಡು ಪದ. ಮಳೆಯಲ್ಲಿ ನೆನೆಯುತ್ತಿರುವ ಎತ್ತು, ಮಂಜು ಕವಿದ ಕಾಫಿ ತೋಟ, ಕಿಟಕಿ ಪಕ್ಕ ಕುಳಿತ ಅಜ್ಜಿ, ಎಲ್ಲವನ್ನೂ ತೆಗೆದವರು ಇದೇ ಅಂತರ್ಜಾಲ ಮಹಾಶಯರು. ಅವರು ಯಾವ ಊರಿನವರು, ಬೆಳಿಗ್ಗೆ ಎಷ್ಟು ಗಂಟೆಗೆ ಎದ್ದು ಆ ತೋಟಕ್ಕೆ ಹೋದರು, ಆ ಮಂಜಿಗಾಗಿ ಎಷ್ಟು ದಿನ ಕಾದರು ಎಂದು ಯಾರೂ ಕೇಳುವುದಿಲ್ಲ. ಅದೇ ಪುಟದಲ್ಲಿ ಕವಿಯ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಸಂಜೆಯೊಳಗೆ ಸಂಪಾದಕರಿಗೆ ಫೋನು ಹೋಗುತ್ತದೆ.

ಫೋಟೊಗ್ರಫಿಯಿಂದಲೇ ಅನ್ನ ಉಣ್ಣುವವರು ಸುಮಾರು ಇಪ್ಪತ್ತು ವರ್ಷಗಳಿಂದ ಒಂದೇ ದೂರು ಹೇಳುತ್ತ ಬಂದಿದ್ದಾರೆ. ಒಳ್ಳೆಯ ಕ್ಯಾಮೆರಾ ಎಲ್ಲರ ಕೈಗೂ ಬಂತು, ನಮ್ಮ ಕಸುಬಿಗೆ ಬೆಲೆ ಹೋಯಿತು. ಸ್ಟುಡಿಯೊ ಮುಂದಿನ ಬೆಂಚಿನಲ್ಲಿ, ಮದುವೆ ಛತ್ರದ ಕೊನೆಯ ಪಂಕ್ತಿಯ ಊಟದಲ್ಲಿ ಇದೇ ಮಾತು. ಕೇಳಿದವರಿಗೂ ಇದು ಸರಿಯೆನಿಸುತ್ತದೆ. ಯಂತ್ರ ಅಗ್ಗವಾದರೆ ಯಂತ್ರ ಹಿಡಿದವನೂ ಅಗ್ಗವಾಗಲೇಬೇಕಲ್ಲ. ಆದರೆ ಹೊಲಿಗೆ ಯಂತ್ರ ಎಲ್ಲರಿಗೂ ಎಟುಕುವಂತಾಗಿ ಎಷ್ಟೋ ಕಾಲವಾಯಿತು. ರವಿಕೆ ಹೊಲಿಸುವ ಕೂಲಿ ಮಾತ್ರ ಹಬ್ಬದಿಂದ ಹಬ್ಬಕ್ಕೆ ಏರುತ್ತಲೇ ಇದೆ. ಹಾಗಾದರೆ ಫೋಟೊದ ವಿಷಯದಲ್ಲಿ ಬೇರೆ ಏನೋ ನಡೆದಿರಬೇಕು.

ಮೊದಲು ಯಂತ್ರದ ಲೆಕ್ಕ ನೋಡೋಣ. 1999ರಲ್ಲಿ ಬಂದ ನಿಕಾನ್ ಡಿ1 ಪತ್ರಿಕಾ ಛಾಯಾಗ್ರಾಹಕರನ್ನು ಡಿಜಿಟಲ್ ಕಡೆಗೆ ತಿರುಗಿಸಿದ ಕ್ಯಾಮೆರಾ. ಮೂರು ಮೆಗಾಪಿಕ್ಸೆಲ್‌ಗಿಂತಲೂ ಕಡಿಮೆ ಶಕ್ತಿಯ ಅದರ ಬೆಲೆ ಐದು ಸಾವಿರ ಡಾಲರ್ ದಾಟಿತ್ತು. ನಾಲ್ಕೇ ವರ್ಷದ ನಂತರ, 2003ರಲ್ಲಿ, ಕ್ಯಾನನ್ 300ಡಿ ಬಂತು: 6.3 ಮೆಗಾಪಿಕ್ಸೆಲ್, ಲೆನ್ಸ್ ಬದಲಿಸುವ ಸೌಲಭ್ಯ, ಬೆಲೆ ಸಾವಿರ ಡಾಲರಿಗಿಂತ ಕಡಿಮೆ. ಅದರ ಚಿತ್ರದಲ್ಲಿ ಉದ್ದಕ್ಕೆ 3072, ಅಗಲಕ್ಕೆ 2048 ಚುಕ್ಕಿಗಳು. ಇಂಚಿಗೆ 256 ಚುಕ್ಕಿಯಂತೆ ಮುದ್ರಿಸಿದರೆ ಸರಿಯಾಗಿ 12 ಇಂಚು ಉದ್ದ, 8 ಇಂಚು ಅಗಲದ ಪ್ರತಿ ಸಿಗುತ್ತದೆ. ಗೋಡೆಗೆ ತೂಗುಹಾಕಲು, ಆಲ್ಬಮ್ಮಿಗೆ, ಪತ್ರಿಕೆಯ ಮುಖಪುಟಕ್ಕೆ ಅಷ್ಟು ಧಾರಾಳವಾಯಿತು. ಅಂದರೆ ‘ಇಷ್ಟಿದ್ದರೆ ಸಾಕು’ ಎನ್ನುವ ಗೆರೆಯನ್ನು ಅಗ್ಗದ ಕ್ಯಾಮೆರಾ ಆಗಲೇ ಮುಟ್ಟಿತ್ತು. ಆಮೇಲೆ ಬಂದ 24, 45, 60 ಮೆಗಾಪಿಕ್ಸೆಲ್‌ಗಳೆಲ್ಲ ಬಹುಮಟ್ಟಿಗೆ ಕ್ಯಾಮೆರಾ ಪ್ರಿಯರ ನಡುವಿನ ಮಾತುಕತೆ. ನೋಡುವವರು ನೋಡುತ್ತಿರುವುದು ಅಂಗೈಯಗಲದ ಫೋನಿನ ಪರದೆಯಲ್ಲಿ. ಈಗಿನ ಕ್ಯಾಮೆರಾ ಕೊಡುವ ಚುಕ್ಕಿಗಳಲ್ಲಿ ಹೆಚ್ಚಿನವು ಯಾರ ಕಣ್ಣಿಗೂ ಬೀಳದೆ ಹೋಗುತ್ತವೆ.

ಈ ದೂರು ಹೊಸದೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಅಂಗೈಯಗಲದ ಭಾವಚಿತ್ರ ಬರೆದು ಬದುಕುತ್ತಿದ್ದ ಕುಂಚಗಾರರ ಅನ್ನ ಕಸಿದದ್ದು ಇದೇ ಫೋಟೊಗ್ರಫಿ. ಅವರಲ್ಲಿ ಕೆಲವರು ಕುಂಚ ಕೆಳಗಿಟ್ಟು ತಾವೇ ಸ್ಟುಡಿಯೊ ತೆರೆದರು. ಕವಿ ಬೋದಿಲೇರ್ 1859ರ ಪ್ಯಾರಿಸ್ ಕಲಾಪ್ರದರ್ಶನದ ವಿಮರ್ಶೆಯಲ್ಲಿ, ಚಿತ್ರ ಬರೆಯಲು ಬಾರದವರು, ಸೋಮಾರಿಗಳು ಬಂದು ಸೇರುವ ತಾಣ ಇದು ಎಂಬರ್ಥದಲ್ಲಿ ಛಾಯಾಗ್ರಾಹಕರನ್ನು ಹಳಿದ. 1900ರಲ್ಲಿ ಕೊಡಾಕ್ ಕಂಪನಿ ಒಂದು ಡಾಲರಿಗೆ ಬ್ರೌನಿ ಕ್ಯಾಮೆರಾ ಮಾರಿದಾಗ ಅದೇ ಬಗೆಯ ಅಸಮಾಧಾನ ಛಾಯಾಗ್ರಾಹಕರ ಬಾಯಿಗೆ ಬಂತು. ನಮ್ಮಲ್ಲೂ ಅಗ್ಫಾ ಕ್ಲಿಕ್ 3 ಎಂಬ ಡಬ್ಬಿ ಕ್ಯಾಮೆರಾ ಮಧ್ಯಮವರ್ಗದ ಮನೆ ಸೇರಿತ್ತು. ರೀಲಿಗೆ ಹನ್ನೆರಡು ಚಿತ್ರ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮು ಅಂಗಡಿಗಳಲ್ಲಿ ಸಿಗುತ್ತಿತ್ತು. ಎಂಬತ್ತರ ದಶಕದಲ್ಲಿ ಹಾಟ್‌ಶಾಟ್, ಆಮೇಲೆ ಯಾಷಿಕಾ. ನೆಹರೂ ಪಾರಿವಾಳ ಹಾರಿಬಿಡುವ ಪ್ರಸಿದ್ಧ ಚಿತ್ರ ತೆಗೆದ ಹೋಮಾಯಿ ವ್ಯಾರಾವಾಲಾ 1970ರಲ್ಲಿ ಕ್ಯಾಮೆರಾವನ್ನು ಪೂರ್ತಿ ಬಿಟ್ಟರು. ಹೊಸದಾಗಿ ಬಂದ ಛಾಯಾಗ್ರಾಹಕರ ನಡವಳಿಕೆ, ಶಿಸ್ತಿಲ್ಲದ ನುಗ್ಗಾಟ ಅವರಿಗೆ ಸಹನೆಯಾಗಲಿಲ್ಲ. ಆಗ ಡಿಜಿಟಲ್ ಕ್ಯಾಮೆರಾ ಇನ್ನೂ ಬಂದಿರಲಿಲ್ಲ.

ಬ್ರೌನಿ ಬಂದಾಗ, ಹಾಟ್‌ಶಾಟ್ ಬಂದಾಗ ಸಾಯದ ಕಸುಬು ಈಗೇಕೆ ಏದುಸಿರು ಬಿಡುತ್ತಿದೆ? ನನಗೆ ಕಾಣುವ ಕಾರಣ ಬಿಲ್ ಪುಸ್ತಕದಲ್ಲಿದೆ. ಫಿಲ್ಮಿನ ಕಾಲದ ಸ್ಟುಡಿಯೊದವರು ಲೆಕ್ಕ ಹಾಕುತ್ತಿದ್ದದ್ದು ಕಾಪಿಯ ಮೇಲೆ. ರೀಲಿಗೆ ಇಷ್ಟು, ತೊಳೆಯಲು ಇಷ್ಟು, ಪೋಸ್ಟ್‌ಕಾರ್ಡ್ ಸೈಜಿನ ಕಾಪಿಗೆ ಇಷ್ಟು, ದೊಡ್ಡದು ಮಾಡಿ ಕಟ್ಟು ಹಾಕಿಸಿದರೆ ಇಷ್ಟು. ಇಡೀ ದಿನ ನಿಂತದ್ದಕ್ಕೆ, ಬೆಳಕು ನೋಡಿ ಜಾಗ ಬದಲಿಸಿದ್ದಕ್ಕೆ, ಕತ್ತಲೆಕೋಣೆಯಲ್ಲಿ ರಾತ್ರಿ ಎಚ್ಚರವಿದ್ದುದಕ್ಕೆ ಆ ಚೀಟಿಯಲ್ಲಿ ಸಾಲೇ ಇರುತ್ತಿರಲಿಲ್ಲ. ದುಡಿಮೆಯ ಕೂಲಿಯನ್ನು ಕಾಗದ ಮತ್ತು ರಾಸಾಯನಿಕದ ಬೆಲೆಯೊಳಗೆ ಅಡಗಿಸಿ ವಸೂಲು ಮಾಡುವ ಪದ್ಧತಿ ಅದು. ಎಲ್ಲಿಯವರೆಗೆ ಫಿಲ್ಮು ದುಬಾರಿಯಾಗಿತ್ತೋ ಅಲ್ಲಿಯವರೆಗೆ ನಡೆಯಿತು. ಡಿಜಿಟಲ್ ಬಂದು ಕಾಪಿಯ ಖರ್ಚು ಸೊನ್ನೆಗೆ ಇಳಿದಾಗ ಗಿರಾಕಿ ಕೇಳಿದ: ರೀಲಿಲ್ಲ, ತೊಳೆಯುವುದಿಲ್ಲ, ಮತ್ತೆ ಯಾವುದಕ್ಕೆ ಇಷ್ಟು ದುಡ್ಡು? ಉತ್ತರ ಕೊಡುವ ಭಾಷೆಯನ್ನು ಕಸುಬಿನವರು ಅಲ್ಲಿಯ ತನಕ ಬೆಳೆಸಿಕೊಂಡಿರಲಿಲ್ಲ. ದರ್ಜಿಯ ಹತ್ತಿರ ಆ ಭಾಷೆ ಇತ್ತು. ಬಟ್ಟೆ ನಿಮ್ಮದು, ಕೂಲಿ ನನ್ನದು ಎಂದು ಅವನು ಮೊದಲಿನಿಂದಲೂ ಹೇಳುತ್ತ ಬಂದಿದ್ದ.

ಸಣ್ಣ ಊರಿನ ಸ್ಟುಡಿಯೊಗಳ ವಿಷಯ ಇನ್ನೂ ವಿಚಿತ್ರ. ಅವನ್ನು ಒಳ್ಳೆಯ ಕ್ಯಾಮೆರಾ ಮುಚ್ಚಿಸಿತು ಎಂದು ಹೇಳುವವರು ಅಲ್ಲಿನ ದಿನದ ಗಳಿಕೆ ಎಲ್ಲಿಂದ ಬರುತ್ತಿತ್ತು ಎಂದು ನೋಡಿಲ್ಲ. ಅದು ಬರುತ್ತಿದ್ದದ್ದು ಪಾಸ್‌ಪೋರ್ಟ್ ಸೈಜಿನಿಂದ. ಶಾಲೆಗೆ, ಬ್ಯಾಂಕಿಗೆ, ಕೆಲಸದ ಅರ್ಜಿಗೆ, ಲೈಸೆನ್ಸಿಗೆ ಎಂದು ಜನ ಬರುತ್ತಿದ್ದರು. ಒಳಗೆ ಗೋಡೆಗೆ ಕನ್ನಡಿ, ಕನ್ನಡಿಯ ಕೆಳಗೆ ಬಾಚಣಿಗೆ ಮತ್ತು ಪೌಡರ್ ಡಬ್ಬಿ, ಮೊಳೆಗೆ ನೇತುಹಾಕಿದ ಎಲ್ಲರಿಗೂ ಆಗುವ, ಯಾರಿಗೂ ಸರಿಯಾಗದ ಒಂದು ಕೋಟು. ‘ಗಲ್ಲ ಸ್ವಲ್ಪ ಕೆಳಗೆ, ಇನ್ನೂ ಸ್ವಲ್ಪ, ಹಾ, ಉಸಿರು ಹಿಡೀರಿ’ ಎಂದು ಹೇಳುವ ಒಬ್ಬ ಮನುಷ್ಯ. ಈ ವ್ಯಾಪಾರವನ್ನು ಕಸಿದದ್ದು ಕಳಪೆ ಕ್ಯಾಮೆರಾ. 2010ರಲ್ಲಿ ಆಧಾರ್ ಶುರುವಾಯಿತು. ಮೇಜಿನ ಮೇಲಿನ ಪುಟ್ಟ ವೆಬ್‌ಕ್ಯಾಮ್ ಅಲ್ಲೇ ಮುಖ ಹಿಡಿಯಿತು. ಪಾಸ್‌ಪೋರ್ಟ್ ಸೇವಾ ಕೇಂದ್ರವೂ ಅಲ್ಲೇ ಫೋಟೊ ತೆಗೆಯತೊಡಗಿತು. ಆ ಚಿತ್ರಗಳು ಹೇಗಿರುತ್ತವೆ ಎಂದು ನಿಮ್ಮ ಪರ್ಸಿನಲ್ಲಿರುವ ಕಾರ್ಡನ್ನೇ ತೆಗೆದು ನೋಡಬಹುದು. ಅಲ್ಲಿ ಗುಣಮಟ್ಟ ಯಾರಿಗೂ ಬೇಕಿರಲಿಲ್ಲ. ಬೇಕಾದದ್ದು ಗುರುತು ಮಾತ್ರ, ಅದೂ ಯಂತ್ರಕ್ಕೆ ಸಿಕ್ಕರೆ ಸಾಕು.

ಪತ್ರಿಕೆಗಳಲ್ಲಿ ನಡೆದದ್ದೂ ಇದಕ್ಕೆ ಹತ್ತಿರದ್ದೇ. 2013ರ ಮೇ ತಿಂಗಳ ಕೊನೆಯಲ್ಲಿ ಅಮೆರಿಕದ ಶಿಕಾಗೊ ಸನ್-ಟೈಮ್ಸ್ ಪತ್ರಿಕೆ ತನ್ನ 28 ಮಂದಿ ಪೂರ್ಣಾವಧಿ ಛಾಯಾಗ್ರಾಹಕರನ್ನೂ ಒಂದೇ ದಿನ ಮನೆಗೆ ಕಳಿಸಿತು. ಅವರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಜಾನ್ ಎಚ್. ವೈಟ್ ಕೂಡ ಇದ್ದರು. ವರದಿಗಾರರಿಗೆ ಐಫೋನಿನಲ್ಲಿ ಫೋಟೊ ತೆಗೆಯುವ ತರಬೇತಿ ಕೊಡಲಾಯಿತು. ಅದಕ್ಕೆ ನಾಲ್ಕು ವರ್ಷ ಮೊದಲು, 2009ರ ಏಪ್ರಿಲ್‌ನಲ್ಲಿ, ಟೈಮ್ ವಾರಪತ್ರಿಕೆ ಮಿತವ್ಯಯದ ಕುರಿತ ಸಂಚಿಕೆಯ ಮುಖಪುಟಕ್ಕೆ ನಾಣ್ಯ ತುಂಬಿದ ಗಾಜಿನ ಭರಣಿಯ ಚಿತ್ರವನ್ನು ಅಗ್ಗದ ಚಿತ್ರಭಂಡಾರವೊಂದರಿಂದ ಕೊಂಡಿತ್ತು. ತೆಗೆದವನಿಗೆ ಸಿಕ್ಕಿದ್ದು ಸುಮಾರು 30 ಡಾಲರ್. ಮಿತವ್ಯಯವನ್ನು ಪತ್ರಿಕೆ ಇಷ್ಟು ನಿಷ್ಠೆಯಿಂದ ಆಚರಿಸಿದ್ದು ಅಪರೂಪ. ಎರಡೂ ಕಡೆ ಫೋನೋ ಡಿಜಿಟಲ್ ಕ್ಯಾಮೆರಾವೋ ನೆಪಕ್ಕೆ ಒದಗಿತು, ನಿಜ. ಆದರೆ ಜಾಹೀರಾತು ಕೈಬಿಟ್ಟು ಹೋದ ಪತ್ರಿಕೆಗಳು ಯಾರ ಸಂಬಳ ಉಳಿಸಬಹುದು ಎಂದು ಸುತ್ತ ನೋಡಿದಾಗ ಮೊದಲು ಕಣ್ಣಿಗೆ ಬಿದ್ದವರು ಫೋಟೊ ತೆಗೆಯುವವರೇ ಯಾಕೆ? ಬರೆಯಲು ಬೇಕಾದ ಪೆನ್ನು ಎಂದಿನಿಂದಲೂ ಎರಡು ಮೂರು ರೂಪಾಯಿಗೆ ಸಿಗುತ್ತಿತ್ತು. ಪೆನ್ನು ಅಗ್ಗ ಎಂದು ವರದಿಗಾರರನ್ನು ಯಾರೂ ತೆಗೆದುಹಾಕಿರಲಿಲ್ಲ. ಫೋಟೊ ತೆಗೆಯುವುದು ಯಂತ್ರ, ಮನುಷ್ಯ ಬರೀ ಅದನ್ನು ಹೊತ್ತು ತಿರುಗುವವನು ಎಂಬ ನಂಬಿಕೆ ಒಳಗೊಳಗೇ ಎಲ್ಲರಲ್ಲೂ ಇತ್ತು.

ಈ ನಂಬಿಕೆ ಕೆಲಸಕ್ಕೆ ಬಾರದ ಒಂದು ಜಾಗವಿದೆ. ನಮ್ಮ ಮದುವೆಗಳು. ಒಂದು ಕಲ್ಯಾಣ ಮಂಟಪದಲ್ಲಿ ಐನೂರು ಜನ ಸೇರಿದರೆ ನಾನೂರು ಕ್ಯಾಮೆರಾಗಳಿರುತ್ತವೆ, ಅದರಲ್ಲಿ ನೂರಾದರೂ ಬಹಳ ಒಳ್ಳೆಯವು. ವಧುವಿನ ಸೋದರಮಾವನ ಮಗ ಸಾಫ್ಟ್‌ವೇರಿನವನು, ಅವನ ಹೆಗಲಲ್ಲಿರುವುದು ಸಂಬಳ ಕೊಟ್ಟು ಕರೆಸಿದ ಫೋಟೊಗ್ರಾಫರಿನದಕ್ಕಿಂತ ದುಬಾರಿ ಕ್ಯಾಮೆರಾ. ಇಷ್ಟೆಲ್ಲ ಇದ್ದೂ ಹುಡುಗಿಯ ತಂದೆ ಮುಂಗಡ ಕೊಟ್ಟು ಫೋಟೊದವರನ್ನು ಗೊತ್ತು ಮಾಡುತ್ತಾನೆ, ಈಗಂತೂ ‘ಟ್ರೆಡಿಷನಲ್’ ಒಬ್ಬ, ‘ಕ್ಯಾಂಡಿಡ್’ ಒಬ್ಬ, ವಿಡಿಯೊಗೆ ಇನ್ನೊಬ್ಬ, ಡ್ರೋನಿಗೆ ಮತ್ತೊಬ್ಬ. ಕ್ಯಾಮೆರಾ ಅಗ್ಗವಾದಷ್ಟೂ ಈ ಪರಿವಾರ ದೊಡ್ಡದಾಗಿದೆ. ಆ ತಂದೆ ಕೊಳ್ಳುತ್ತಿರುವುದು ಭರವಸೆಯನ್ನು. ಅಂತರಪಟ ಸರಿಯುವ ಗಳಿಗೆಗೆ, ಜೀರಿಗೆ ಬೆಲ್ಲ ತಲೆಯ ಮೇಲೆ ಬೀಳುವ ಗಳಿಗೆಗೆ ಒಬ್ಬ ಮನುಷ್ಯ ಸರಿಯಾದ ಜಾಗದಲ್ಲಿ ನಿಂತಿರುತ್ತಾನೆ ಎಂಬ ಭರವಸೆ. ಸೋದರಮಾವನ ಮಗ ಆ ಹೊತ್ತಿಗೆ ಕಾಫಿ ಕುಡಿಯಲು ಹೋಗಿರಬಹುದು, ಹೋದರೆ ಯಾರೂ ಬಯ್ಯುವಂತಿಲ್ಲ.

ಗಟ್ಟಿಮೇಳ ಮೊಳಗಿದ ಮೇಲೆ ಜಾಗ ಹುಡುಕುವವನು ಆ ಕಸುಬಿನವನಲ್ಲ. ಪುರೋಹಿತರ ದನಿ ಯಾವಾಗ ಏರುತ್ತದೆ, ವಾಲಗದವರ ಕಡೆಗೆ ಅವರು ಕೈ ಎತ್ತುವುದು ಯಾವಾಗ, ಹುಡುಗಿಯ ತಾಯಿ ಎಲ್ಲಿ ನಿಂತು ಅಳುತ್ತಾಳೆ, ಇವೆಲ್ಲ ಅವನಿಗೆ ಮೊದಲೇ ಗೊತ್ತಿರಬೇಕು. ಕೊಡವರ ಮದುವೆಯಲ್ಲಿ ಬಾಳೆ ಕಡಿಯುವಾಗ ಎಷ್ಟು ದೂರ ನಿಲ್ಲಬೇಕು, ಮಂಗಳೂರಿನ ಕ್ರೈಸ್ತರ ರೋಸ್ ಶಾಸ್ತ್ರದಲ್ಲಿ ತೆಂಗಿನ ಹಾಲಿನಿಂದ ಲೆನ್ಸನ್ನು ಹೇಗೆ ಕಾಪಾಡಬೇಕು, ನಿಕಾಹ್‌ನಲ್ಲಿ ಹೆಂಗಸರ ಕಡೆಗೆ ಯಾರನ್ನು ಕಳಿಸಬೇಕು ಎಂಬ ತಿಳಿವಳಿಕೆ ಕ್ಯಾಮೆರಾದ ಡಬ್ಬಿಯೊಳಗೆ ಬರುವುದಿಲ್ಲ. ಜೊತೆಗೆ ಎರಡನೇ ಕ್ಯಾಮೆರಾ, ಹೆಚ್ಚುವರಿ ಬ್ಯಾಟರಿ, ಒಂದು ಕಾರ್ಡು ಕೈಕೊಟ್ಟರೆ ಇನ್ನೊಂದರಲ್ಲೂ ದಾಖಲಾಗುವ ವ್ಯವಸ್ಥೆ. ಇವು ಯಾವುವೂ ಫೋಟೊದಲ್ಲಿ ಕಾಣುವುದಿಲ್ಲ. ಕೂಲಿ ಹೋಗುವುದು ಮುಖ್ಯವಾಗಿ ಇವಕ್ಕೆ. ಮದುವೆಯವರು ಈಗ ದಿನಕ್ಕಿಷ್ಟು, ತಲೆಗಿಷ್ಟು ಎಂದು ಬರೆದುಕೊಡುತ್ತಾರೆ. ಅಂದರೆ ಕೊನೆಗೂ ದರ್ಜಿಯ ಭಾಷೆ ಕಲಿತರು.

ಕಸುಬು ಉಳಿದಿದೆ ಎಂದ ಮಾತ್ರಕ್ಕೆ ಚಿತ್ರಗಳು ಚೆನ್ನಾಗಿವೆ ಎಂದು ನಾನು ಹೇಳಲಾರೆ. ಇಲ್ಲಿ ಅಗ್ಗದ ಒಳ್ಳೆಯ ಕ್ಯಾಮೆರಾ ನಿಜವಾಗಿಯೂ ಒಂದು ಹಾನಿ ಮಾಡಿದೆ. 50 ಎಂ.ಎಂ.ನ, 1.8 ಅಪರ್ಚರ್‌ನ ಲೆನ್ಸು ಹಲವು ಕಂಪನಿಗಳು ಮಾರುವ ಅಗ್ಗದ ಸರಕು. ಅದು ಮುಖವನ್ನು ಚೂಪಾಗಿ ತೋರಿಸಿ ಹಿಂದಿನದೆಲ್ಲವನ್ನೂ ಬೆಣ್ಣೆಯಂತೆ ಕರಗಿಸುತ್ತದೆ. ಮಸುಕಾದ ಹಿನ್ನೆಲೆಯೇ ‘ಪ್ರೊಫೆಷನಲ್’ ಎಂಬುದರ ಮುದ್ರೆಯಾಯಿತು. ಫೋನುಗಳೂ ಲೆಕ್ಕಾಚಾರದಿಂದ ಅದೇ ಮಸುಕನ್ನು ಬರಿಸತೊಡಗಿದವು. ಹಳೆಯ ಮದುವೆಯ ಗುಂಪು ಚಿತ್ರವೊಂದನ್ನು ಇದರ ಪಕ್ಕ ಇಟ್ಟು ನೋಡಿ. ಫ್ಲ್ಯಾಶ್ ಹಾಕಿ, ಲೆನ್ಸಿನ ಕಿಂಡಿ ಕಿರಿದು ಮಾಡಿ ತೆಗೆದದ್ದಾದ್ದರಿಂದ ಮುಂದಿನ ಸಾಲಿನ ಮಕ್ಕಳಿಂದ ಹಿಂದಿನ ಗೋಡೆಯ ತನಕ ಎಲ್ಲವೂ ಸ್ಪಷ್ಟ. ತೆಂಗಿನ ಗರಿಯ ಚಪ್ಪರ, ಬಾಡಿಗೆಗೆ ತಂದ ಬೆಂಚು, ಗೋಡೆಯ ಮೇಲೆ ಅಂಗಡಿಯವರು ಕೊಟ್ಟ ಕ್ಯಾಲೆಂಡರು, ಮೂಲೆಯಲ್ಲಿ ರಾಶಿ ಬಿದ್ದ ಚಪ್ಪಲಿ, ಕರೆಯದೆ ಬಂದು ಕಂಬದ ಹಿಂದಿನಿಂದ ಇಣುಕುತ್ತಿರುವ ಪಕ್ಕದ ಮನೆಯ ಹುಡುಗ. ಆ ಮನೆಯವರು ಎಂಥ ಸ್ಥಿತಿಯಲ್ಲಿದ್ದರು, ಯಾರು ಯಾರ ಪಕ್ಕ ಕೂರುತ್ತಿದ್ದರು, ಯಾರು ದೂರ ನಿಂತಿದ್ದರು ಎಂದು ಆ ಒಂದು ಚಿತ್ರದಿಂದ ಓದಬಹುದು. ಈಗಿನ ಆಲ್ಬಮ್ಮಿನಲ್ಲಿ ಮದುಮಗಳ ಕಣ್ರೆಪ್ಪೆಯ ಒಂದೊಂದು ಕೂದಲೂ ಎಣಿಸಲು ಸಿಗುತ್ತದೆ. ಅವಳು ಯಾವ ಮನೆಯ ಮಗಳು, ಮದುವೆ ಹುಬ್ಬಳ್ಳಿಯಲ್ಲಿ ನಡೆಯಿತೋ ಹಾಸನದಲ್ಲೋ ಎಂಬುದರ ಸುಳಿವೇ ಇಲ್ಲ. ಕಿಟಕಿಯ ಕಡೆಗೆ ನೋಡುವ ವಧು, ಕೈಗಡಿಯಾರ ಕಟ್ಟಿಕೊಳ್ಳುವ ವರ, ಹಾರಿಸಿ ಬಿಟ್ಟ ದುಪಟ್ಟ. ಊರು ಬದಲಾದರೂ ಪುಟ ಬದಲಾಗುವುದಿಲ್ಲ. ಎಲ್ಲರ ಫೋಟೊವೂ ಚೆನ್ನಾಗಿ ಬರುವ ಕಾಲದಲ್ಲಿ ಎಲ್ಲರ ಫೋಟೊವೂ ಒಂದೇ ಆಗಿಬಿಟ್ಟಿತು.

ಹವ್ಯಾಸಿಗಳ ಮೇಲೆ ವೃತ್ತಿಪರರಿಗಿರುವ ಸಿಟ್ಟಿನಲ್ಲಿ ನನಗೆ ಪಾಲಿಲ್ಲ. ಈ ನಾಡಿನ ಫೋಟೊಗ್ರಫಿಯಲ್ಲಿ ಹವ್ಯಾಸಿಗಳದು ದೊಡ್ಡ ಪಾಲು. ಕಾಡುಪ್ರಾಣಿಗಳನ್ನು ಕಪ್ಪುಬಿಳುಪಿನಲ್ಲಿ ಹಿಡಿದ ಸಂಡೂರಿನ ಎಂ.ವೈ. ಘೋರ್ಪಡೆ ರಾಜಮನೆತನದವರು, ರಾಜ್ಯದ ಹಣಕಾಸು ಸಚಿವರಾಗಿದ್ದವರು. ಮೂಡಿಗೆರೆಯ ತೋಟದಲ್ಲಿ ಕುಳಿತು ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿ ಕೂಡ ಫೋಟೊ ಮಾರಿ ಬದುಕಿದವರಲ್ಲ. ಆದರೆ ಅವರ ಬದುಕಿಗೆ ಬೇರೆ ಆಸರೆ ಇತ್ತು. ಇವರ ಪಕ್ಕದಲ್ಲಿ ಮೈಸೂರಿನ ಟಿ.ಎಸ್. ಸತ್ಯನ್ ಅವರನ್ನು ನೆನೆಯಬೇಕು. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಸತ್ಯನ್ ಕ್ಯಾಮೆರಾವನ್ನೇ ನಂಬಿ ಬದುಕಿದವರು. ಮಕ್ಕಳು, ಶಾಲೆ, ಬೀದಿ, ಸಾಮಾನ್ಯರ ದಿನಗಳೇ ಅವರ ವಸ್ತು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಯುನಿಸೆಫ್ ಆಶ್ರಯದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಪ್ರದರ್ಶನಗೊಂಡವು. ಅವರಂಥವರು ಇವತ್ತು ಕೆಲಸ ಶುರುಮಾಡಿದರೆ ಕ್ಯಾಮೆರಾ ಕೊಳ್ಳುವುದು ಕಷ್ಟವಾಗಲಾರದು. ಕಷ್ಟವಾಗುವುದು ಅದರ ನಂತರದ್ದು. ಒಂದು ವಾರ ಹಳ್ಳಿಯಲ್ಲಿದ್ದು ಚಿತ್ರಗಳನ್ನು ತನ್ನಿ ಎಂದು ಖರ್ಚು ಕೊಟ್ಟು ಕಳಿಸುವ ಪತ್ರಿಕೆ ಬೇಕಲ್ಲ. ಅವರ ಚಿತ್ರಗಳು ಅಚ್ಚಾಗುತ್ತಿದ್ದ ಇಲಸ್ಟ್ರೇಟೆಡ್ ವೀಕ್ಲಿ 1993ರಲ್ಲೇ ನಿಂತುಹೋಯಿತು, 300ಡಿ ಬರುವುದಕ್ಕೆ ಹತ್ತು ವರ್ಷ ಮೊದಲು.

ಆದ್ದರಿಂದ ಮತ್ತೆ ನಮ್ಮ ಅಂಗಳಕ್ಕೇ ಬರಬೇಕು, ಪುಸ್ತಕ ಮತ್ತು ಪತ್ರಿಕೆಗಳ ಅಂಗಳಕ್ಕೆ. ಕುವೆಂಪು, ಬೇಂದ್ರೆ, ಕಾರಂತರ ಮುಖ ನಮಗೆ ಗೊತ್ತಿರುವುದು ಯಾರೋ ತೆಗೆದ ಫೋಟೊಗಳ ಮೂಲಕ. ಬೇಂದ್ರೆಯವರ ಆ ತುಂಟ ನಗೆಗೆ ಕಾದು ಕುಳಿತವರು ಯಾರು? ಪುಸ್ತಕಗಳ ಹಿಂಬದಿಯಲ್ಲಿ, ಭಾಷಣದ ವೇದಿಕೆಯ ಬ್ಯಾನರಿನಲ್ಲಿ, ನವೆಂಬರ್ ತಿಂಗಳ ಬೀದಿಬೀದಿಯ ಫ್ಲೆಕ್ಸುಗಳಲ್ಲಿ ಆ ಮುಖಗಳು ಸಾವಿರ ಸಲ ಅಚ್ಚಾಗುತ್ತವೆ, ತೆಗೆದವರ ಹೆಸರು ಒಂದು ಸಲವೂ ಕಾಣುವುದಿಲ್ಲ. ಕಾನೂನು ಈ ವಿಷಯದಲ್ಲಿ ನಮಗಿಂತ ಸ್ವಲ್ಪ ಉದಾರವಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೊದ ಕರ್ತೃ ಎಂದರೆ ಅದನ್ನು ತೆಗೆದ ವ್ಯಕ್ತಿ. 2012ರ ತಿದ್ದುಪಡಿಯ ನಂತರ ಫೋಟೊದ ಹಕ್ಕಿಗೂ ಕತೆ ಕವಿತೆಗಳ ಹಕ್ಕಿನಷ್ಟೇ ಆಯುಷ್ಯ: ಕರ್ತೃವಿನ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. ಅದೇ ಕಾಯ್ದೆಯ 17ನೆಯ ಕಲಮಿನಲ್ಲಿ ಒಂದು ತೊಡಕಿದೆ. ಹಣ ಪಡೆದು ಇನ್ನೊಬ್ಬರ ಕೋರಿಕೆಯ ಮೇಲೆ ತೆಗೆದ ಫೋಟೊದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟವರದು. ಮದುವೆಯ ಫೋಟೊಗ್ರಾಫರ್ ತಾನು ತೆಗೆದ ಚಿತ್ರವನ್ನು ತನ್ನ ಜಾಹೀರಾತಿಗೆ ಬಳಸಬೇಕೆಂದರೂ ಮೊದಲೇ ಬರೆಸಿಕೊಂಡಿರಬೇಕು. ಎಷ್ಟು ಜನ ಬರೆಸಿಕೊಳ್ಳುತ್ತಾರೆ? ಮುಂಗಡದ ಚೀಟಿಯೇ ಅನೇಕ ಕಡೆ ಇರುವುದಿಲ್ಲ.

ನಮ್ಮ ಪತ್ರಿಕೆಗಳಿಗೆ, ಜಾಲತಾಣಗಳಿಗೆ ದುಡ್ಡಿಲ್ಲ, ಅದು ನಿಜ. ಲೇಖಕರಿಗೇ ಸಂಭಾವನೆ ಕೊಡಲಾಗದವರು ಫೋಟೊಗೆ ಎಲ್ಲಿಂದ ಕೊಡುತ್ತಾರೆ? ಆದರೆ ಲೇಖಕನಿಗೆ ಸಂಭಾವನೆ ಸಿಗದಿದ್ದರೂ ಹೆಸರು ದಪ್ಪಕ್ಷರದಲ್ಲಿ ಸಿಗುತ್ತದೆ, ಕೆಳಗೆ ಎರಡು ಸಾಲಿನ ಪರಿಚಯವೂ ಇರುತ್ತದೆ. ಫೋಟೊ ತೆಗೆದವರ ಹೆಸರು ಹುಡುಕಲು ಹತ್ತು ನಿಮಿಷ ಸಾಕಾಗುತ್ತದೆ. ಸಿಗದಿದ್ದರೆ ಆ ಚಿತ್ರವನ್ನು ಬಿಟ್ಟು ಪರಿಚಯದ ಹವ್ಯಾಸಿಯೊಬ್ಬರನ್ನು ಕೇಳಬಹುದು. ಅಗ್ಗದ ಒಳ್ಳೆಯ ಕ್ಯಾಮೆರಾಗಳ ಕೃಪೆಯಿಂದ ಅಂಥವರು ಈಗ ಪ್ರತಿ ಬೀದಿಯಲ್ಲೂ ಇದ್ದಾರೆ, ಹೆಸರು ಹಾಕುತ್ತೇವೆ ಎಂದರೆ ಸಂತೋಷದಿಂದ ಕೊಡುತ್ತಾರೆ.

ಇನ್ನೊಂದು ವಿಷಯ ಯಾರೂ ಎತ್ತುವುದಿಲ್ಲ. ಹಳೆಯ ಸ್ಟುಡಿಯೊದವರು ನೆಗೆಟಿವ್‌ಗಳನ್ನು ಸಣ್ಣ ಲಕೋಟೆಗಳಲ್ಲಿ ಹಾಕಿ, ನಂಬರು ಬರೆದು ಇಟ್ಟುಕೊಳ್ಳುತ್ತಿದ್ದರು. ಅದೇನು ಇತಿಹಾಸದ ಮೇಲಿನ ಪ್ರೀತಿಯಿಂದಲ್ಲ, ಗಿರಾಕಿ ಮತ್ತೆ ಕಾಪಿ ಕೇಳಿ ಬಂದರೆ ವ್ಯಾಪಾರ ಎಂಬ ಆಸೆಯಿಂದ. ಆ ಆಸೆಯಿಂದಾಗಿ ತಾಲ್ಲೂಕು ಕೇಂದ್ರಗಳ ಸ್ಟುಡಿಯೊಗಳ ಅಟ್ಟದ ಮೇಲೆ ಇಡೀ ಊರಿನ ಮುಖಗಳು ಉಳಿದವು. ಕೋಲ್ಕತ್ತದ ಬೋರ್ನ್ ಅಂಡ್ ಶೆಪರ್ಡ್ ಸ್ಟುಡಿಯೊದ ಸಂಗ್ರಹದ ಬಹುಭಾಗ 1991ರ ಬೆಂಕಿಯಲ್ಲಿ ಹೋಯಿತು, ಅಂಗಡಿಯೇ 2016ರಲ್ಲಿ ಮುಚ್ಚಿತು. ಅಂಥ ದೊಡ್ಡ ಹೆಸರಿನ ಕತೆಯೇ ಹೀಗಿರುವಾಗ ನಮ್ಮ ಬಸ್‌ಸ್ಟ್ಯಾಂಡ್ ಪಕ್ಕದ ಸ್ಟುಡಿಯೊಗಳ ಲಕೋಟೆಗಳು ಗೆದ್ದಲು, ತೇವ ಮತ್ತು ಗುಜರಿಯವರ ನಡುವೆ ಹಂಚಿಹೋಗುತ್ತಿವೆ. ಇನ್ನು ಈಗಿನವರು ಒಂದು ಮದುವೆಗೆ ಐದಾರು ಸಾವಿರ ಚಿತ್ರ ತೆಗೆಯುತ್ತಾರೆ, ಆಲ್ಬಮ್ ಮತ್ತು ಪೆನ್‌ಡ್ರೈವ್ ಕೈಗಿಟ್ಟು, ಹಾರ್ಡ್‌ಡಿಸ್ಕಿನಲ್ಲಿ ಜಾಗ ಬೇಕೆಂದು ಕೆಲವು ತಿಂಗಳಿಗೆ ಅಳಿಸುತ್ತಾರೆ. ಇಟ್ಟುಕೊಳ್ಳುವುದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ, ಕಾಪಿಗಾಗಿ ಮರಳಿ ಬರುವವರೂ ಇಲ್ಲ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ನಿಮ್ಮ ಮನೆಯಲ್ಲಿ ಮದುವೆ ನಡೆದಿದ್ದರೆ ಆ ಪೆನ್‌ಡ್ರೈವ್ ಎಲ್ಲಿದೆ, ಇನ್ನೂ ತೆರೆಯುತ್ತದೆಯೇ ಎಂದು ಒಮ್ಮೆ ನೋಡಿ. ತೆರೆಯದಿದ್ದರೆ ಆಲ್ಬಮ್ಮಿನ ಹಿಂಬದಿಯಲ್ಲಿ ಫೋಟೊಗ್ರಾಫರಿನ ಫೋನ್ ನಂಬರು ಇರಬಹುದು.